ಆಪಾ ದುವಾ ಮಾಡಿದಾಗ ನಾನು ಆಮೆನ್ ಅನ್ನಬಹುದಿತ್ತೇ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಲಂಡನ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಪಕ್ಕದ ಮೆಷಿನ್ನಿನ ಮುಸ್ಲಿಂ ಅಕ್ಕ, ನಾನು ಆಪಾ ಅನ್ನುವವರು, ಹದಿಮೂರು ವರ್ಷದಿಂದ ನನ್ನ ಜೊತೆಗಿದ್ದಾರೆ. ಹೋದ ತಿಂಗಳು ನಮ್ಮ ಅಮ್ಮನಿಗೆ ಆಪರೇಷನ್ ಆಯಿತು. ಊಟದ ಹೊತ್ತಿನಲ್ಲಿ ಆಪಾ ಎರಡೂ ಅಂಗೈ ಎತ್ತಿ ಅಮ್ಮನಿಗಾಗಿ ದುವಾ, ಅಂದರೆ ಪ್ರಾರ್ಥನೆ, ಮಾಡಿದರು. ಕೊನೆಗೆ 'ಆಮೀನ್' ಅಂದು ನನ್ನ ಮುಖ ನೋಡಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹಿಂದಿನ ವಾರವಷ್ಟೇ ನಮ್ಮ ಪ್ರಾರ್ಥನಾ ಕೂಟದಲ್ಲಿ ಒಬ್ಬರು, 'ಅಲ್ಲಾ ಅಂದರೆ ಅರಬರ ಚಂದ್ರದೇವತೆ, ನಮ್ಮ ದೇವರೇ ಬೇರೆ' ಎಂದಿದ್ದರು. ಆಪಾ ಮಾತ್ರ 'ನಮ್ಮ ನಿಮ್ಮ ಖುದಾ ಒಬ್ಬನೇ' ಅಂತಾರೆ. ಯಾರ ಮಾತು ನಿಜ? ನಾನು ಆಮೆನ್ ಅನ್ನಬಹುದಿತ್ತೇ?

ಉತ್ತರ: ತಾಯಿ, ಮೊದಲು ಆ ಚಂದ್ರದೇವತೆಯ ಮಾತನ್ನು ಮುಗಿಸಿಬಿಡೋಣ. ಅದು ಶುದ್ಧ ಸುಳ್ಳು. ಅದನ್ನು ಇಟ್ಟುಕೊಂಡು ಮುಂದಿನ ಮಾತು ಆಡಲಿಕ್ಕಾಗದು.

ಅರಬ್ಬಿಯಲ್ಲಿ 'ಇಲಾಹ್' ಎಂದರೆ ದೇವರು. ಅದರ ಮುಂದೆ 'ಅಲ್' ಸೇರಿ 'ಅಲ್ಲಾಹ್' ಆಗಿದೆ ಎಂದೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಬೇರೆ ಯಾರೂ ಅಲ್ಲದ ಆ ಒಬ್ಬ ದೇವರು ಎಂದು ಅದರ ಅರ್ಥ. ಹೀಬ್ರೂವಿನ 'ಎಲೋಹೀಂ', ಯೇಸುಸ್ವಾಮಿ ಮನೆಯಲ್ಲಿ ಆಡುತ್ತಿದ್ದ ಅರಮಾಯಿಕ್ ಭಾಷೆಯ 'ಎಲಾಹ್', ಇವೆಲ್ಲ ಒಂದೇ ಬೇರಿನ ಪದಗಳು. ಶಿಲುಬೆಯ ಮೇಲೆ ಅವರು ಕೂಗಿದ 'ಎಲೋಯಿ, ಎಲೋಯಿ', ಅಂದರೆ 'ನನ್ನ ದೇವರೇ', ಎಂಬ ಕೂಗು ಮಾರ್ಕನ ಸುವಾರ್ತೆಯಲ್ಲಿದೆ, ನೀವು ಶುಭ ಶುಕ್ರವಾರ ಪ್ರತಿ ವರ್ಷ ಕೇಳುತ್ತೀರಿ. ಅದನ್ನೊಮ್ಮೆ ಬಾಯಿಬಿಟ್ಟು ಹೇಳಿ, ಆಮೇಲೆ 'ಇಲಾಹೀ' ಎಂದು ಹೇಳಿ ನೋಡಿ. ಎಷ್ಟು ಹತ್ತಿರ ಎಂದು ನಿಮ್ಮ ನಾಲಿಗೆಯೇ ಹೇಳುತ್ತದೆ.

ಸಿರಿಯಾದ ಜಬದ್ ಎಂಬಲ್ಲಿ ಚರ್ಚಿನ ಬಾಗಿಲ ಮೇಲಿದ್ದ ಒಂದು ಕಲ್ಲು ಸಿಕ್ಕಿದೆ. ಇಸವಿ 512ರದು. ಅದರ ಅರಬ್ಬಿ ಸಾಲಿನಲ್ಲಿ ಅಲ್ಲಿಯ ಕ್ರೈಸ್ತರು ತಮ್ಮ ದೇವರನ್ನು 'ಅಲ್-ಇಲಾಹ್' ಎಂದೇ ಕರೆದಿದ್ದಾರೆ. ಪ್ರವಾದಿ ಮುಹಮ್ಮದರು ಹುಟ್ಟಿದ್ದು 570ರ ಸುಮಾರಿಗೆ. ಇವತ್ತಿಗೂ ಅರಬ್ಬಿ ಬೈಬಲ್ ತೆರೆದರೆ ಮೊದಲ ವಾಕ್ಯದಲ್ಲೇ ಆಕಾಶ ಭೂಮಿಗಳನ್ನು ಸೃಷ್ಟಿಸಿದವನು 'ಅಲ್ಲಾಹ್'. ಮಾಲ್ಟಾ ದ್ವೀಪದ ಕ್ಯಾಥೊಲಿಕರು ಪೂಜೆಯಲ್ಲಿ ದೇವರನ್ನು 'ಅಲ್ಲಾ' ಎನ್ನುತ್ತಾರೆ. ಇನ್ನು ಚಂದ್ರನ ವಿಷಯ. ಕುರ್‌ಆನ್‌ನ 41ನೇ ಅಧ್ಯಾಯ 37ನೇ ವಚನ ಸೂರ್ಯನಿಗಾಗಲಿ ಚಂದ್ರನಿಗಾಗಲಿ ಹಣೆ ನೆಲಕ್ಕೆ ಮುಟ್ಟಿಸಿ ಸಜ್ದಾ ಮಾಡಬೇಡಿ, ಅವುಗಳನ್ನು ಮಾಡಿದವನಿಗೆ ಮಾಡಿ ಎಂದು ನೇರವಾಗಿ ಹೇಳುತ್ತದೆ. ಇಬ್ರಾಹಿಮರು ಚಂದ್ರ ಮುಳುಗಿದ್ದನ್ನು ಕಂಡು, ಮುಳುಗುವಂಥದ್ದು ನನ್ನ ಒಡೆಯನಲ್ಲ ಎಂದು ತಿಳಿದುಕೊಂಡ ಕಥೆಯೂ ಅದರಲ್ಲೇ ಇದೆ. ಮಸೀದಿಯ ಮೇಲಿನ ಅರ್ಧಚಂದ್ರ ತುರ್ಕಿಯ ಒಟ್ಟೋಮನ್ ಆಳ್ವಿಕೆಯಿಂದ ಹರಡಿದ ಗುರುತು. ಅದಕ್ಕೆ ಯಾರೂ ಕೈಮುಗಿಯುವುದಿಲ್ಲ.

ಹೆಸರು ಬೇರೆಯಾದರೆ ದೇವರೇ ಬೇರೆ ಎನ್ನುವುದಾದರೆ ಮೊದಲು ಕಷ್ಟಕ್ಕೆ ಸಿಕ್ಕುವವರು ನಾವು ಕನ್ನಡದವರು. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ನಿಮ್ಮ ಬಳ್ಳಾರಿಗೆ ಬಂದರು. ಅಲ್ಲೇ ಕನ್ನಡ ಕಲಿತು, ಊರಿನ ಪಂಡಿತರನ್ನು ಕೂರಿಸಿಕೊಂಡು ಬೈಬಲ್ ಅನುವಾದಕ್ಕೆ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಯಿತು. ನಿಮ್ಮ ಮನೆಯಲ್ಲಿರುವ ಬೈಬಲ್ ಎಲೋಹೀಂನನ್ನು ಏನೆಂದು ಕರೆಯುತ್ತದೆ? 'ದೇವರು'. ಹಂಪಿಯ ವಿರೂಪಾಕ್ಷನಿಗೂ ಹುಲಿಗಿಯ ಅಮ್ಮನಿಗೂ ನಮ್ಮ ಜನ ಬಳಸುವ ಪದವೇ ಅದು. ಹೊಸ ದೇವರಿಗೆ ಹೊಸ ಪದ ಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಇದ್ದ ಪದವನ್ನೇ ತೆಗೆದುಕೊಂಡು ಅದರಲ್ಲಿ ತಮ್ಮ ಅರ್ಥ ತುಂಬಿದರು. ಹಳೆಯ ಕನ್ನಡ ಬೈಬಲ್ಲಿನ ಮೊದಲ ವಾಕ್ಯ ಗಮನಿಸಿ: 'ದೇವರು ... ಉಂಟುಮಾಡಿದನು'. ಕರ್ತೃಪದ ಬಹುವಚನದ ರೂಪದಲ್ಲಿದೆ, ಕ್ರಿಯಾಪದ ಏಕವಚನದಲ್ಲಿ. ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆದಾರು. ಆದರೆ ಹೀಬ್ರೂ ಮೂಲದಲ್ಲೂ ಹೀಗೇ ಇದೆ, ಎಲೋಹೀಂ ಬಹುವಚನದ ರೂಪ, ಸೃಷ್ಟಿಸಿದನು ಎಂಬ ಕ್ರಿಯೆ ಏಕವಚನ. ಕುರ್‌ಆನ್‌ನಲ್ಲೂ ಆ ಒಬ್ಬನೇ ದೇವರು ಎಷ್ಟೋ ಕಡೆ 'ನಾವು' ಎಂದು ಮಾತಾಡುತ್ತಾನೆ. ಮೂವತ್ತು ವರ್ಷ ಈ ಎರಡು ಗ್ರಂಥಗಳನ್ನು ಪಾಠ ಮಾಡಿದ್ದೇನೆ, ಇದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ನಮ್ಮ ಈ 'ದೇವರು' ಪದವೇ ನಿಮ್ಮ ಪ್ರಶ್ನೆಯನ್ನು ಗೋಜಲು ಮಾಡುವುದೂ ಹೌದು. ನಾನು ಬೆಳೆದದ್ದು ರಾಯಚೂರು ಜಿಲ್ಲೆಯ ಮುದಗಲ್ಲಿನ ಹತ್ತಿರ. ಅಲ್ಲಿಯ ಮೊಹರಂ ನಿಮಗೆ ಗೊತ್ತಿದ್ದೀತು. ಅದೇ ಊರಿನಲ್ಲಿ ಆದಿಲ್‌ಶಾಹಿ ಕಾಲದಷ್ಟು ಹಳೆಯ ಕ್ಯಾಥೊಲಿಕ್ ಸಮುದಾಯವೂ ಇದೆ. ನಮ್ಮ ಕಡೆ ಮೊಹರಂ ಅನ್ನುವುದಕ್ಕಿಂತ 'ಅಲಾಯಿ ಹಬ್ಬ' ಎಂದರೇ ಜನರಿಗೆ ಬೇಗ ತಿಳಿಯುತ್ತದೆ. ಬೆಳ್ಳಿಯ ಹಸ್ತ ಕಟ್ಟಿದ ಆಲಂಗಳನ್ನು ಕೂಡ್ರಿಸಿದರೆ 'ದೇವರು ಕೂತವು' ಅಂತಾರೆ. ಕೊನೆಯ ದಿನ 'ದೇವರು ಹೊಳೆಗೆ ಹೋದವು' ಅಂತಾರೆ. ಏಳೆಂಟು ವರ್ಷದವನಿದ್ದಾಗ ಅಜ್ಜನ ಜೊತೆ ಸಕ್ಕರೆ ಓದಿಸಲು ಹೋಗಿದ್ದೆ. ಹಾಳೆಯ ಪೊಟ್ಟಣದಲ್ಲಿ ಸಕ್ಕರೆ, ಮೇಲೆ ಎರಡು ಊದಿನಕಡ್ಡಿ. ಮುಲ್ಲಾ ಅಜ್ಜ ಕಣ್ಣುಮುಚ್ಚಿ ಫಾತಿಹಾ ಓದಿ, ಒಂದು ಚಿಟಿಕೆ ತೆಗೆದುಕೊಂಡು ಪೊಟ್ಟಣ ವಾಪಸು ಕೊಟ್ಟರು. ನಾನು ಆಲಂ ತೋರಿಸಿ, 'ಈ ದೇವರ ಹೆಸರೇನು?' ಎಂದು ಕೇಳಿದೆ. ಅವರು ಬಗ್ಗಿ ಮೆಲ್ಲಗೆ ಹೇಳಿದರು: 'ಇದು ದೇವರಲ್ಲಪ್ಪ, ಹುಸೇನರ ನಿಶಾನಿ. ದೇವರಿಗೆ ರೂಪ ಇಲ್ಲ.' ಅಜ್ಜ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು. ಕರ್ಬಲಾದಲ್ಲಿ 680ರಲ್ಲಿ ಹುತಾತ್ಮರಾದ, ಪ್ರವಾದಿಯ ಮೊಮ್ಮಗ ಹುಸೇನರು ನಮ್ಮ ಅಜ್ಜನಿಗೆ ದೇವರು, ಮುಲ್ಲಾ ಅಜ್ಜನಿಗೆ ದೇವರ ದಾಸರು. ಇಬ್ಬರೂ ಒಂದೇ ಕನ್ನಡ ಮಾತಾಡುತ್ತಿದ್ದರು.

ಅದಕ್ಕೇ ನಮ್ಮಲ್ಲಿ ಈ ಪ್ರಶ್ನೆ ಬಂದ ತಕ್ಷಣ ಯಾರಾದರೂ 'ದೇವನೊಬ್ಬ ನಾಮ ಹಲವು' ಎಂದು ಮುಗಿಸಿಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬಸವಣ್ಣನವರ ಆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಮುಂದೆ 'ಪರಮ ಪತಿವ್ರತೆಗೆ ಗಂಡನೊಬ್ಬ' ಎಂದು ಬಿಗಿಯುತ್ತದೆ, ಹಲವು ದೈವಗಳ ಎಂಜಲು ತಿನ್ನುವವರನ್ನು ಗದರುತ್ತದೆ. ಎಲ್ಲವೂ ಸರಿ ಎಂಬ ಸಡಿಲ ಮಾತಲ್ಲ ಅದು. ಒಬ್ಬನಿಗೇ ನಿಷ್ಠೆ ಎಂಬ ಕಟ್ಟುನಿಟ್ಟು. ನಿಮ್ಮ ಪ್ರಶ್ನೆಗೆ ಬೇಕಾದದ್ದು ಆ ಕಟ್ಟುನಿಟ್ಟೇ. ಕ್ರೈಸ್ತರಿಗೂ ಮುಸ್ಲಿಮರಿಗೂ ದೇವರು ಒಬ್ಬನೇ ಇರಲಿಕ್ಕೆ ಸಾಧ್ಯ. 'ಅವರ ದೇವರು ಬೇರೆ, ನಮ್ಮ ದೇವರು ಬೇರೆ' ಎಂದು ಬಾಯಲ್ಲಿ ಬಂದ ಕೂಡಲೇ ಎರಡು ದೇವರನ್ನು ಒಪ್ಪಿಕೊಂಡಂತಾಯಿತು. ಅದು ಇಬ್ಬರ ನಂಬಿಕೆಗೂ ಸಲ್ಲದ ಮಾತು. ಹೆಚ್ಚೆಂದರೆ 'ಅವರು ಆ ಒಬ್ಬನನ್ನು ಸರಿಯಾಗಿ ಅರಿತಿಲ್ಲ' ಎನ್ನಬಹುದು.

ಅರಿವು ತಪ್ಪಿರುವುದಕ್ಕೂ ವ್ಯಕ್ತಿಯೇ ಬೇರೆಯಾಗಿರುವುದಕ್ಕೂ ಇರುವ ವ್ಯತ್ಯಾಸವನ್ನು ನಾಡಕಚೇರಿಯಲ್ಲಿ ನೋಡಬಹುದು. ಹೊಲದ ಯಜಮಾನ ತೀರಿಕೊಂಡ ಮೇಲೆ ವಾರಸುದಾರರು ಹೊಲ ತಮ್ಮ ಹೆಸರಿಗೆ ಮಾಡಿಸಲು ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ, ವಂಶವೃಕ್ಷ ಕೊಡುತ್ತಾರೆ. ಒಬ್ಬ ತಕರಾರು ತೆಗೆಯುತ್ತಾನೆ: 'ಹನುಮಂತಪ್ಪನಿಗೆ ಮಗನೇ ಇರಲಿಲ್ಲ.' ಇನ್ನೊಬ್ಬ: 'ಇದ್ದ, ನಾನೇ ನೋಡಿದ್ದೇನೆ.' ಒಂದೇ ಊರಿನಲ್ಲಿ ಇಬ್ಬರು ಹನುಮಂತಪ್ಪಂದಿರು ಇರುವುದುಂಟು. ಆಗ ಗ್ರಾಮ ಆಡಳಿತಾಧಿಕಾರಿ, ಅಂದರೆ ಹಿಂದೆ ಗ್ರಾಮಲೆಕ್ಕಿಗರು ಎನಿಸಿಕೊಂಡಿದ್ದವರು, ತಂದೆಯ ಹೆಸರು, ಸರ್ವೆ ನಂಬರು, ಹೊಲದ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿ ಕೇಳುತ್ತಾರೆ. ಅವು ಹೊಂದದಿದ್ದರೆ 'ಓ, ನೀನು ಹೇಳೋದು ಆ ಹನುಮಂತಪ್ಪನಾ!' ಎಂದು ಜಗಳ ಅಲ್ಲೇ ತಣ್ಣಗಾಗುತ್ತದೆ. ಹೊಂದಿದರೆ? ಜಗಳ ನಿಜವಾದದ್ದು, ಏಕೆಂದರೆ ಇಬ್ಬರೂ ಒಬ್ಬನ ಬಗ್ಗೆಯೇ ಮಾತಾಡುತ್ತಿದ್ದಾರೆ. ಸದಾ ಇರುವ ದೇವರನ್ನು ತೀರಿಕೊಂಡವನಿಗೆ ನಾನು ಹೋಲಿಸುತ್ತಿಲ್ಲ, ಹೋಲಿಸುತ್ತಿರುವುದು ತಕರಾರನ್ನು ಮಾತ್ರ.

ಈಗ ನೀವೂ ಆಪಾರೂ ಚಕ್ಕುಬಂದಿ ನೋಡಿಕೊಳ್ಳಿ. ಏನೂ ಇಲ್ಲದಲ್ಲಿಂದ ಆಕಾಶ ಭೂಮಿ ಮಾಡಿದವನು. ಅಬ್ರಹಾಮನನ್ನು ಕರೆದವನು, ಆಪಾ ಅವರನ್ನು ಇಬ್ರಾಹಿಂ ಅಂತಾರೆ. ಮೋಶೆಯೊಂದಿಗೆ ಉರಿಯ ಬಳಿ ಮಾತಾಡಿದವನು, ಅವರ ಬಾಯಲ್ಲಿ ಮೂಸಾ. ದಾವೀದನಿಗೆ ಕೀರ್ತನೆ ಕೊಟ್ಟವನು, ಅವರ ದಾವೂದ್. ಕನ್ಯೆ ಮರಿಯಳ ಬಳಿಗೆ ದೂತನನ್ನು ಕಳಿಸಿದವನು. ಕುರ್‌ಆನ್‌ನಲ್ಲಿ ಹೆಸರು ಹಿಡಿದು ಕರೆದ ಒಬ್ಬಳೇ ಹೆಂಗಸು ಈ ಮರ್ಯಂ, 19ನೇ ಅಧ್ಯಾಯ ಆಕೆಯ ಹೆಸರಿನಲ್ಲೇ ಇದೆ. ನಿಮ್ಮ ಓಣಿಯಲ್ಲಿ ಮರಿಯಮ್ಮಂದಿರೂ ಮರಿಯಂಬಿಗಳೂ ಇರಬೇಕಲ್ಲ, ಇಬ್ಬರ ಹೆಸರೂ ಆ ಒಬ್ಬ ತಾಯಿಯದೇ. ಕೊನೆಯ ದಿನ ಸತ್ತವರನ್ನು ಎಬ್ಬಿಸಿ ತೀರ್ಪು ಕೊಡುವವನು. ಎಲ್ಲೆ ಗುರುತುಗಳೆಲ್ಲ ಹೊಂದುತ್ತವೆ. ಕುರ್‌ಆನ್‌ನ 29ನೇ ಅಧ್ಯಾಯದ 46ನೇ ವಚನವಂತೂ ಗ್ರಂಥದವರಿಗೆ, ಅಂದರೆ ಯೆಹೂದ್ಯರಿಗೂ ಕ್ರೈಸ್ತರಿಗೂ, ನಮ್ಮ ದೇವರೂ ನಿಮ್ಮ ದೇವರೂ ಒಬ್ಬನೇ ಎಂದು ಹೇಳಿ ಎನ್ನುತ್ತದೆ. ಆಪಾ ಹೇಳಿದ್ದು ಸ್ನೇಹಕ್ಕೆ ಆಡಿದ ಮಾತಲ್ಲ, ಅವರ ಗ್ರಂಥದ ಮಾತು. ನನ್ನ ಉತ್ತರವೂ ಅದೇ: ನೀವಿಬ್ಬರೂ ಮುಖ ಮಾಡುವುದು ಒಬ್ಬನ ಕಡೆಗೇ.

ಇನ್ನು ತಕರಾರಿಗೆ ಬರೋಣ. ಅದನ್ನು ಚಿಕ್ಕದು ಎನ್ನುವವರು ಎರಡೂ ಧರ್ಮಗಳಿಗೆ ಅನ್ಯಾಯ ಮಾಡುತ್ತಾರೆ. ಕುರ್‌ಆನ್‌ನ 112ನೇ ಅಧ್ಯಾಯ ನಾಲ್ಕೇ ಸಾಲಿನದು, ಆಪಾರಿಗೆ ಚಿಕ್ಕಂದಿನಿಂದ ಬಾಯಿಪಾಠ ಇರುತ್ತದೆ. ಅವನು ಒಬ್ಬನೇ, ಅವನು ಹೆತ್ತವನಲ್ಲ, ಹುಟ್ಟಿದವನಲ್ಲ, ಅವನಿಗೆ ಸಮಾನರಿಲ್ಲ ಎಂದು ಅದು ಹೇಳುತ್ತದೆ. ನಿಮ್ಮ ಸಭೆ 325ರ ನೈಸೀಯ ಮಹಾಸಭೆಯ ಕಾಲದಿಂದ ಹೇಳುತ್ತ ಬಂದಿರುವುದು, ಮಗನು ತಂದೆಯಿಂದ ಜನಿಸಿದವನು, ಸೃಷ್ಟಿಯಾದವನಲ್ಲ, ತಂದೆಯೊಂದಿಗೆ ಒಂದೇ ತತ್ವವುಳ್ಳವನು ಎಂದು. ಯೇಸು ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದರು ಎಂಬುದರ ಮೇಲೆ ನಿಮ್ಮ ಇಡೀ ನಂಬಿಕೆ ನಿಂತಿದೆ. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲಿಲ್ಲ ಎಂದು ಕುರ್‌ಆನ್‌ನ 4ನೇ ಅಧ್ಯಾಯ ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಒಪ್ಪಲಿಕ್ಕಾಗದು. ನೀವು ಹಾಡುವ ಕ್ರಿಸ್ಮಸ್ ಹಾಡಿನ ಅರ್ಧ ಸಾಲುಗಳನ್ನು ಆಪಾ ಹಾಡಲಾರರು, ಹಾಡಬೇಕೆಂದು ಕೇಳುವುದೂ ತರವಲ್ಲ.

ಆದರೂ ಈ ಭೇದದೊಳಗೆ ಒಂದು ತಪ್ಪುತಿಳಿವಳಿಕೆ ಸೇರಿಕೊಂಡಿದೆ. 'ದೇವರಿಗೆ ಮಗ' ಎಂದು ಕಿವಿಗೆ ಬಿದ್ದಾಗ ಆಪಾರ ಮನಸ್ಸಿನಲ್ಲಿ ಮೂಡುವುದು ಹೆಂಡತಿ, ಬಸಿರು, ಬಾಣಂತನ. ಅದನ್ನು ಅವರು ತಳ್ಳಿಹಾಕುತ್ತಾರೆ, ತಳ್ಳಿಹಾಕಲೇಬೇಕು. ಅಂಥ ಮಾತನ್ನು ಯಾವ ಪಾದ್ರಿಯೂ ಒಪ್ಪುವುದಿಲ್ಲ. ಮೂರು ದೇವರು ಎಂದು ನಿಮ್ಮ ಸಭೆ ಎಂದೂ ಕಲಿಸಿಲ್ಲ. ಹಾಗಾದರೆ ನಿಮ್ಮವರ ಮಾತಿನ ಅರ್ಥವೇನು? ಯೋಹಾನನ ಸುವಾರ್ತೆಯ ಮೊದಲ ಸಾಲು ನೋಡಿ. ಆದಿಯಲ್ಲಿ ದೇವರ ವಾಕ್ಯವಿತ್ತು, ಅದು ದೇವರ ಬಳಿ ಇತ್ತು, ಅದು ದೇವರೇ ಆಗಿತ್ತು. ಆ ವಾಕ್ಯ ಮನುಷ್ಯನಾಗಿ ಬಂತು, ಅದೇ ಯೇಸು. ಈಗ ಆಪಾರ ಕಡೆಗೆ ಬನ್ನಿ. ದೇವರ ಮಾತು ಅವರಿಗೂ ಇದೆ. ಅದು ಮನುಷ್ಯನಾಗಿ ಬರಲಿಲ್ಲ, ಕುರ್‌ಆನ್ ಆಗಿ ಬಂತು. ಜನ ಯೇಸುವನ್ನು ಮುಹಮ್ಮದರಿಗೆ, ಬೈಬಲನ್ನು ಕುರ್‌ಆನಿಗೆ ಹೋಲಿಸಿ ದಾರಿ ತಪ್ಪುತ್ತಾರೆ. ಕ್ರೈಸ್ತರಲ್ಲಿ ಯೇಸು ಇರುವ ಜಾಗದಲ್ಲಿ ಮುಸ್ಲಿಮರಲ್ಲಿ ಇರುವುದು ಕುರ್‌ಆನ್.

ಆ ಜಾಗದಲ್ಲಿ ಏಳುವ ಪ್ರಶ್ನೆಗಳೂ ಒಂದೇ ಬಗೆಯವು. ದೇವರ ಮಾತು ದೇವರಷ್ಟೇ ಅನಾದಿಯೋ, ಅಥವಾ ಅವನು ಸೃಷ್ಟಿಸಿದ ವಸ್ತುವೋ? ಅನಾದಿ ಎಂದರೆ ದೇವರ ಜೊತೆ ಎರಡನೆಯದೊಂದು ಇದ್ದಂತಾಯಿತಲ್ಲ? ಬಾಗ್ದಾದಿನ ಖಲೀಫ ಅಲ್-ಮಾಮೂನ್ 833ರಲ್ಲಿ, ಕುರ್‌ಆನ್ ಸೃಷ್ಟಿಯಾದದ್ದು ಎಂದು ವಿದ್ವಾಂಸರೆಲ್ಲ ಒಪ್ಪಬೇಕೆಂದು ಆಜ್ಞೆ ಹೊರಡಿಸಿದ. ಇಮಾಂ ಅಹ್ಮದ್ ಇಬ್ನ್ ಹಂಬಲ್ ಒಪ್ಪಲಿಲ್ಲ, ಸೆರೆ ಕಂಡರು, ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟು ತಿಂದರು. ಕೊನೆಗೆ ಉಳಿದದ್ದು ಅವರ ಪಕ್ಷವೇ. ಕುರ್‌ಆನ್ ಅನಾದಿ ಎಂಬುದೇ ಸುನ್ನಿ ನಂಬಿಕೆಯಾಗಿ ನಿಂತಿತು. ಆಮೇಲಿನ ಪಂಡಿತರು ದೇವರ ಗುಣಗಳು ದೇವರೇ ಅಲ್ಲ, ದೇವರಿಗಿಂತ ಬೇರೆಯೂ ಅಲ್ಲ ಎಂದರು. ನೈಸೀಯದಲ್ಲಿ ಬಿಷಪ್ಪರು ತಲೆ ಕೆಡಿಸಿಕೊಂಡ ಗಂಟೂ ಇದರ ಪಕ್ಕದ ಗಂಟೇ. ಬಿಚ್ಚಿದ ರೀತಿ ಬೇರೆ. ಒಬ್ಬನೇ ದೇವರು ಮನುಷ್ಯರೊಂದಿಗೆ ಮಾತಾಡಿದ ಎಂದು ನಂಬುವವರೆಲ್ಲರ ಕೈಗೂ ಈ ಗಂಟು ಬಂದೇ ಬರುತ್ತದೆ.

ನಿಮ್ಮ ಕೂಟದವರ ಪಕ್ಷದಲ್ಲೂ ತೂಕದ ಮಾತಿದೆ, ಚಂದ್ರನ ಕಥೆ ಬಿಟ್ಟು. ಯೋಹಾನನ ಮೊದಲ ಪತ್ರ, ಮಗನನ್ನು ಅಲ್ಲಗಳೆಯುವವನಿಗೆ ತಂದೆಯೂ ಇಲ್ಲ ಎನ್ನುತ್ತದೆ. ಎಂಟನೇ ಶತಮಾನದಲ್ಲಿ ಮುಸ್ಲಿಂ ಆಡಳಿತದಡಿ ಬದುಕಿದ ದಮಸ್ಕಸಿನ ಯೋಹಾನ ಇಸ್ಲಾಮನ್ನು ಕಟುವಾಗಿ ಖಂಡಿಸಿದ. ಆದರೆ ಗಮನಿಸಿ, ಅವನು ಅದನ್ನು ಸೇರಿಸಿದ್ದು ದಾರಿ ತಪ್ಪಿದ ಬೋಧನೆಗಳ ಪಟ್ಟಿಯಲ್ಲಿ. ದಾರಿ ತಪ್ಪಿದವರು ಎನ್ನಬೇಕಾದರೆ ದಾರಿ ಒಂದೇ ಇರಬೇಕು. 'ಮಗನನ್ನು ಒಪ್ಪದವರ ದೇವರೇ ಬೇರೆ' ಎಂಬ ವಾದದಲ್ಲಿ ಇನ್ನೊಂದು ತೊಡಕಿದೆ. ಯೆಹೂದ್ಯರೂ ಮಗನನ್ನು ಒಪ್ಪುವುದಿಲ್ಲ. ಹಾಗಾದರೆ ಕೀರ್ತನೆಗಳನ್ನು ಬರೆದವರ ದೇವರೂ ಬೇರೆಯವನೇ? ಮಾರ್ಸಿಯನ್ ಎಂಬುವನು ಹಳೆ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದು ಕಲಿಸಿದ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಹಾಕಿತು. ದೇವರನ್ನು ಇಬ್ಭಾಗ ಮಾಡುವುದನ್ನು ನಿಮ್ಮ ಹಿರಿಯರು ಅಷ್ಟು ಹಿಂದೆಯೇ ತಡೆದರು.

ಯೋಹಾನನ ಸುವಾರ್ತೆಯಲ್ಲಿ ಬಾವಿಗೆ ನೀರಿಗೆ ಬಂದ, ಯೆಹೂದ್ಯರು ದೂರವಿಡುತ್ತಿದ್ದ ಆ ಸಮಾರ್ಯದ ಹೆಂಗಸು ನೆನಪಿದ್ದಾಳೆಯೇ? ಪೂಜೆ ಮಾಡಬೇಕಾದದ್ದು ಈ ಬೆಟ್ಟದ ಮೇಲೋ ಯೆರೂಸಲೇಮಿನಲ್ಲೋ ಎಂದು ಆಕೆ ಕೇಳಿದಾಗ ಯೇಸು, ನೀವು ಅರಿಯದ್ದನ್ನು ಆರಾಧಿಸುತ್ತೀರಿ, ನಾವು ಅರಿತದ್ದನ್ನು ಆರಾಧಿಸುತ್ತೇವೆ ಎಂದರು. ಮಾತು ಮೃದುವಾಗಿಲ್ಲ. ಆದರೆ ನಿನ್ನ ದೇವರು ಬೇರೆ ಎನ್ನಲಿಲ್ಲ, ಆಕೆಯ ಕೈಯಿಂದ ನೀರು ಕೇಳುವುದಕ್ಕೂ ಹಿಂಜರಿಯಲಿಲ್ಲ. 'ಅರಿತಿಲ್ಲ' ಎಂಬಷ್ಟು ದೂರ ನಿಮ್ಮ ಕೂಟದವರು ಹೋಗಲಿ, ಅದಕ್ಕೆ ನನ್ನ ಅಭ್ಯಂತರವಿಲ್ಲ. 'ಬೇರೆ ದೇವರು' ಎಂಬಲ್ಲಿಗೆ ಹೋಗಲು ಅವರಿಗೆ ಅವರ ಗ್ರಂಥವೇ ದಾರಿ ಬಿಡುವುದಿಲ್ಲ.

ಕ್ಯಾಥೊಲಿಕ್ ಸಭೆ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿದೆ. ಏಳನೆಯ ಗ್ರೆಗರಿ ಪೋಪ್ 1076ರಲ್ಲೇ ಇಂದಿನ ಅಲ್ಜೀರಿಯಾದ ಅರಸ ಅಲ್-ನಾಸಿರನಿಗೆ ಬರೆದ ಪತ್ರದಲ್ಲಿ, ಬೇರೆ ಬೇರೆ ರೀತಿಯಲ್ಲಾದರೂ ನಾವಿಬ್ಬರೂ ಒಬ್ಬನೇ ದೇವರನ್ನು ನಂಬುತ್ತೇವೆ ಎಂದಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1964 ಮತ್ತು 1965ರ ದಾಖಲೆಗಳಲ್ಲಿ ಅದನ್ನೇ ಹೇಳಿತು. ನೀವು ಪ್ರೊಟೆಸ್ಟೆಂಟರು, ಅದು ನಿಮ್ಮನ್ನು ಕಟ್ಟುವುದಿಲ್ಲ, ನಿಮ್ಮವರಲ್ಲಿ ಈ ಬಗ್ಗೆ ಇನ್ನೂ ಒಮ್ಮತವಿಲ್ಲ. ಮುಸ್ಲಿಮರ ಕಡೆಯಿಂದ 2007ರಲ್ಲಿ 138 ವಿದ್ವಾಂಸರು ಕ್ರೈಸ್ತ ಮುಖಂಡರಿಗೆ ಬಹಿರಂಗ ಪತ್ರ ಬರೆದು, ಒಬ್ಬನೇ ದೇವರ ಮೇಲಿನ ಪ್ರೀತಿ ಮತ್ತು ನೆರೆಯವನ ಮೇಲಿನ ಪ್ರೀತಿ ನಮ್ಮಿಬ್ಬರಿಗೂ ಸಮಾನ ಎಂದರು. ಎಲ್ಲ ಕಡೆಯೂ ಹೀಗಿಲ್ಲ. ಮಲೇಷ್ಯಾದಲ್ಲಿ ಕ್ರೈಸ್ತರ ಪತ್ರಿಕೆಯೊಂದು 'ಅಲ್ಲಾಹ್' ಪದ ಬಳಸಬಹುದೇ ಎಂಬುದು ಕೋರ್ಟಿನ ಮೆಟ್ಟಿಲೇರಿತು, 2010ರ ಜನವರಿಯಲ್ಲಿ ಅದಕ್ಕಾಗಿ ಚರ್ಚುಗಳ ಮೇಲೆ ದಾಳಿಯಾಯಿತು. ಅಲ್ಲಿ ಪದ ನಮ್ಮದು, ನಿಮಗಿಲ್ಲ ಎಂದವರು ಕೆಲವು ಮುಸ್ಲಿಮರು. ಇಲ್ಲಿ ಆ ಪದ ನಮ್ಮ ದೇವರದ್ದಲ್ಲ ಎನ್ನುತ್ತಿರುವವರು ನಿಮ್ಮ ಕೂಟದ ಕ್ರೈಸ್ತರು.

ನಿಮಗೂ ಆಪಾರಿಗೂ ನಿಜವಾಗಿ ಇರುವ ದೂರವನ್ನು ನೋಡಬೇಕೆಂದರೆ ಪ್ರಾರ್ಥನೆಯಲ್ಲಿ ದೇವರನ್ನು ಮೊದಲು ಕರೆಯುವ ರೀತಿ ಕೇಳಿಸಿಕೊಳ್ಳಿ. ನೀವು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುಮಾಡುತ್ತೀರಿ. ಮುಸ್ಲಿಮರು ಎಣಿಸುವ ದೇವರ 99 ಹೆಸರುಗಳಲ್ಲಿ 'ತಂದೆ' ಇಲ್ಲ. ಆಪಾ ದೇವರ ಮುಂದೆ ನಿಲ್ಲುವುದು ಉರ್ದುವಿನ ಅರ್ಥದ 'ಬಂದಿ'ಯಾಗಿ, ಅಂದರೆ ಅವನ ಸೇವಕಿಯಾಗಿ. ಆ ಸೇವಕತನದಲ್ಲೇ ಅವರಿಗೆ ಗೌರವವಿದೆ, ನೆಮ್ಮದಿಯಿದೆ. ಇದು ದೊಡ್ಡ ಭೇದ. ಆದರೆ ಅವರು ದಿನಕ್ಕೆ ಹತ್ತಾರು ಸಲ ಹೇಳುವ 'ರಹ್ಮಾನ್, ರಹೀಮ್', ಅಂದರೆ ಪರಮ ದಯಾಮಯ, ಕರುಣಾಳು, ಎಂಬ ಹೆಸರುಗಳ ಬೇರು ಯಾವುದು ಗೊತ್ತೇ? ಗರ್ಭಕೋಶಕ್ಕೆ, ತಾಯಿಯ ಒಡಲಿಗೆ, ಅರಬ್ಬಿಯಲ್ಲಿರುವ ಪದದ ಬೇರೇ ಅದು. ತಂದೆ ಎನ್ನದವರ ಬಾಯಲ್ಲೂ ಆ ಒಡಲಿದೆ.

ಇನ್ನು ನಿಮ್ಮ ಆಮೆನ್. 'ಆಮೀನ್', 'ಆಮೆನ್' ಎರಡೂ ಒಂದೇ ಪದ. ಹೀಬ್ರೂವಿನಿಂದ ಬಂದದ್ದು, ಗಟ್ಟಿಯಾದದ್ದು, ನೆಚ್ಚಬಹುದಾದದ್ದು, ಹಾಗೇ ಆಗಲಿ ಎಂಬ ಅರ್ಥ. ಆಪಾ ಅವತ್ತು ಬೇಡಿದ್ದು, ಸೃಷ್ಟಿಕರ್ತನೇ ಈ ಹುಡುಗಿಯ ತಾಯಿಗೆ ಶಿಫಾ, ಅಂದರೆ ಗುಣ, ಕೊಡು ಎಂದೇ ಇರಬೇಕು. ಆ ಬೇಡಿಕೆಯಲ್ಲಿ ನಿಮ್ಮ ನಂಬಿಕೆಗೆ ವಿರುದ್ಧವಾದ ಒಂದು ಅಕ್ಷರವೂ ಇಲ್ಲ. ಅದಕ್ಕೆ ಆಮೆನ್ ಎಂದರೆ ನೀವು ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬ ತ್ರಿತ್ವ ಬಿಟ್ಟಂತಲ್ಲ, ಕಲಿಮಾ ಓದಿ ಮುಸ್ಲಿಮರಾದಂತಲ್ಲ. ಹೇಳಬಹುದಿತ್ತು. ಈಗಲೂ ತಡವಾಗಿಲ್ಲ. ಅವತ್ತು ಏಕೆ ಸುಮ್ಮನಾದೆ ಎಂಬುದನ್ನೂ ಮುಚ್ಚಿಡಬೇಡಿ, ಆಪಾರಿಗೆ ಹೇಳಿ.

ಮುಂದೊಂದು ದಿನ ನೀವು ಅವರ ಮನೆಯವರಿಗಾಗಿ ಪ್ರಾರ್ಥಿಸಿ 'ಯೇಸುವಿನ ನಾಮದಲ್ಲಿ' ಎಂದು ಮುಗಿಸಿದಾಗ ಆಪಾ ಸುಮ್ಮನೆ ಕೂತರೆ ನೊಂದುಕೊಳ್ಳಬೇಡಿ. ಬೇಡಿಕೆಗೆ ಅವರ ಮನಸ್ಸು ಆಮೀನ್ ಅಂದಿರುತ್ತದೆ, ಆ ಕೊನೆಯ ಎರಡು ಮಾತಿಗೆ ಬಾಯಿ ಬರುವುದಿಲ್ಲ. ಏಕೆ ಬರುವುದಿಲ್ಲ ಎಂದು ಕೇಳಿ, ಅವರೂ ನಿಮ್ಮನ್ನು ಕೇಳಲಿ. ಊಟದ ಅರ್ಧ ಗಂಟೆ ಆ ಮಾತಿಗೆ ಸಾಲುವುದಿಲ್ಲ, ಆದರೆ ಹದಿಮೂರು ವರ್ಷ ಪಕ್ಕಪಕ್ಕ ಕೂತವರಿಗೆ ನಾಳೆಯೂ ಒಂದು ಊಟದ ಹೊತ್ತಿದೆ. ಅಮ್ಮನ ಹೊಲಿಗೆ ಬಿಚ್ಚಿದ ಮೇಲೆ ಹೇಗಿದ್ದಾರೆಂದು ಒಂದು ಸಾಲು ಬರೆಯಿರಿ.